ಟೈಟರ್ ಏರಿತ್ತು, ವೈರಸ್ ಬದಲಾಗಿತ್ತು

ಹಕ್ಕಿಜ್ವರದ ವೈರಸ್ಸನ್ನು ಸತ್ತ ಕೋಳಿಯಲ್ಲಿ ಹುಡುಕುವುದು ಕಷ್ಟವಲ್ಲ. ಲಸಿಕೆ ಹಾಕಿಸಿಕೊಂಡು, ಮೇವು ತಿಂದುಕೊಂಡು ಆರಾಮಾಗಿರುವ ಕೋಳಿಯಲ್ಲಿ ಹುಡುಕುವುದು ಕಷ್ಟ. ಪ್ರಯೋಗಾಲಯದ ಪಶುವೈದ್ಯನಾದ ನನಗೆ ಇದು ಪುಸ್ತಕದಿಂದ ಗೊತ್ತಿತ್ತು. ಆದರೂ ಒಂದು ಮೊಟ್ಟೆಕೋಳಿ ಫಾರಂ ವಿಷಯದಲ್ಲಿ ನಾನು ವಾರಗಟ್ಟಲೆ ತಪ್ಪು ದಾರಿ ಹಿಡಿದಿದ್ದೆ.

ಆ ಹಿಂಡಿಗೆ ಹಕ್ಕಿಜ್ವರದ ಒಂದು ಬಗೆಯಾದ ಎಚ್9ಎನ್2 ವೈರಸ್ಸಿನ ಲಸಿಕೆ ಎರಡು ಸಲ ಬಿದ್ದಿತ್ತು. ಎರಡನೆಯ ಡೋಸ್ ಆಗಿ ಮೂರು ವಾರಕ್ಕೆ ರಕ್ತ ತೆಗೆದು ನೋಡಿದಾಗ ಪ್ರತಿಕಾಯಗಳ ಮಟ್ಟ, ಅಂದರೆ ಟೈಟರ್, ಚೆನ್ನಾಗಿಯೇ ಇತ್ತು. ಕೆಲವು ತಿಂಗಳ ನಂತರ ಮೊಟ್ಟೆ ಇಳುವರಿ ಕುಸಿಯಿತು. ಚಿಪ್ಪು ಬಿಳಿಚಿಕೊಂಡಿತು, ಅಲ್ಲೊಂದು ಇಲ್ಲೊಂದು ಕೋಳಿ ಸೀನುತ್ತಿತ್ತು, ಸಾವು ಮಾತ್ರ ಹೆಚ್ಚಿರಲಿಲ್ಲ. “ಲಸಿಕೆ ಸರಿಯಾಗಿ ಬಿದ್ದಿದೆ ಡಾಕ್ಟರೇ, ಇದು ಬೇರೆ ಏನೋ” ಎಂದರು ಫಾರಂ ನೋಡಿಕೊಳ್ಳುವವರು. ನಾನೂ ಹೂಂ ಎಂದೆ. ಕೋಳಿಗಳ ಬೇರೆ ರೋಗಗಳಾದ ಬ್ರಾಂಕೈಟಿಸ್ ಹುಡುಕಿದೆ, ರಾಣಿಖೇತ್ ಹುಡುಕಿದೆ. ಮತ್ತೆ ರಕ್ತ ತೆಗೆದಾಗ ಎಚ್9 ಟೈಟರ್ ಇನ್ನೂ ಮೇಲೇರಿತ್ತು. ಅದನ್ನು ಲಸಿಕೆಯ ಬಲವೆಂದು ಓದಿದ್ದೇ ನನ್ನ ದೊಡ್ಡ ತಪ್ಪು. ಲಸಿಕೆ ಹಾಕಿ ಅಷ್ಟು ಕಾಲ ಕಳೆದ ಮೇಲೆ ಟೈಟರ್ ನಿಧಾನವಾಗಿ ಇಳಿಯಬೇಕು. ಹೊಸ ಡೋಸ್ ಇಲ್ಲದೆಯೇ ಅದು ಏರಿತೆಂದರೆ ವೈರಸ್ ಹಿಂಡಿನೊಳಗೆ ಓಡಾಡಿ ಹೋಗಿದೆ ಎಂದೇ ಅರ್ಥ.

ಆಮೇಲೆ ಗಂಟಲಿನ ಸ್ವಾಬ್ ತೆಗೆಸಿದೆ. ಎಚ್9ಎನ್2 ಹೊರಬೀಳುವುದು ಹೆಚ್ಚಾಗಿ ಉಸಿರಿನ ದಾರಿಯಿಂದ. ಹಿಂಡು ನೆಲೆಯಿದ್ದ ಶೆಡ್ಡಿನಲ್ಲಿ ನೆಗೆಟಿವ್, ಪಕ್ಕದಲ್ಲಿ ಆಗಷ್ಟೇ ಸೀನಲು ಶುರುವಾಗಿದ್ದ ಶೆಡ್ಡಿನಲ್ಲಿ ಪಾಸಿಟಿವ್. ವೈರಸ್ ಬೆಳೆಸಲು ಹತ್ತು ದಿನದ ಭ್ರೂಣವಿರುವ ಮೊಟ್ಟೆ ಬೇಕು. ಆ ಮೊಟ್ಟೆ ಲಸಿಕೆ ಹಾಕದ, ರೋಗಾಣುಮುಕ್ತ ಹಿಂಡಿನದ್ದೇ ಆಗಿರಬೇಕು. ತಾಯಿಯ ಪ್ರತಿಕಾಯ ಹಳದಿಯಲ್ಲಿ ಇಳಿದು ಬಂದಿದ್ದರೆ ವೈರಸ್ ತಲೆಯೆತ್ತದೇ ಇರಬಹುದು.

ವೈರಸ್ ಸಿಕ್ಕ ಮೇಲೆ ಮಾಡಿದ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಸಿಕೆಯಾಗಿ ಮೂರು ವಾರಕ್ಕೆ ತೆಗೆದಿದ್ದ ಹಳೆಯ ಸೀರಂ, ಅಂದರೆ ರಕ್ತದ ಪ್ರತಿಕಾಯವಿರುವ ತಿಳಿ, ಫ್ರೀಜರಿನಲ್ಲಿತ್ತು. ಸೋಂಕಿಗೆ ಮೊದಲಿನ ಸೀರಂ ಆದ್ದರಿಂದ ಅದರಲ್ಲಿದ್ದದ್ದು ಲಸಿಕೆ ಕೊಟ್ಟ ಪ್ರತಿಕಾಯ ಮಾತ್ರ. ಎರಡು ಪ್ಲೇಟುಗಳಲ್ಲಿ ಕುಳಿಯಿಂದ ಕುಳಿಗೆ ಅದನ್ನು ಅರ್ಧರ್ಧ ತೆಳುವಾಗಿಸುತ್ತಾ ಹೋದೆ. ಒಂದಕ್ಕೆ ಲಸಿಕೆಯ ವೈರಸ್, ಇನ್ನೊಂದಕ್ಕೆ ಫಾರಮ್ಮಿನ ವೈರಸ್, ಎರಡೂ ನಾಲ್ಕು ಯೂನಿಟ್. ಕೊನೆಗೆ ಒಂದು ಶೇಕಡಾ ಕೋಳಿರಕ್ತಕಣ. ಪ್ರತಿಕಾಯ ವೈರಸ್ಸನ್ನು ಹಿಡಿದಿಟ್ಟ ಕುಳಿಯಲ್ಲಿ ರಕ್ತಕಣ ತಳದಲ್ಲಿ ಕೆಂಪು ಗುಂಡಿಯಾಗಿ ಕೂರುತ್ತದೆ. ಪ್ಲೇಟನ್ನು ಓರೆ ಮಾಡಿದರೆ ಆ ಗುಂಡಿ ಕಣ್ಣೀರಿನ ಹನಿಯಂತೆ ಕೆಳಕ್ಕೆ ಹರಿಯುತ್ತದೆ. ಹಿಡಿಯಲಾಗದ ಕುಳಿಯಲ್ಲಿ ವೈರಸ್ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವುದರಿಂದ ಅವು ತೆಳು ಪೊರೆಯಾಗಿ ಹರಡಿ ನಿಲ್ಲುತ್ತವೆ. ಮೊದಲ ಪ್ಲೇಟಿನಲ್ಲಿ ಎಂಟನೆಯ ಕುಳಿಯವರೆಗೂ ಹನಿ ಹರಿಯಿತು. ಎರಡನೆಯದರಲ್ಲಿ ನಾಲ್ಕಕ್ಕೇ ನಿಂತಿತು. ನಾಲ್ಕು ಕುಳಿಯೆಂದರೆ ಹದಿನಾರು ಪಟ್ಟು ವ್ಯತ್ಯಾಸ. ಪ್ಲೇಟನ್ನು ಮೂರು ಸಲ ಓರೆ ಮಾಡಿ ನೋಡಿದೆ, ಮರುದಿನ ಇಡೀ ಪರೀಕ್ಷೆಯನ್ನು ಮತ್ತೆ ಮಾಡಿದೆ. ಉತ್ತರ ಅದೇ. ಲಸಿಕೆಯ ವೈರಸ್ಸಿಗೇ ಮತ್ತೆ ಮತ್ತೆ ಟೈಟರ್ ನೋಡುತ್ತಾ ನಾವು ನೆಮ್ಮದಿಯಾಗಿದ್ದೆವು. ಶೆಡ್ಡಿನಲ್ಲಿದ್ದ ವೈರಸ್ಸಿಗೆ ಯಾರೂ ನೋಡಿರಲಿಲ್ಲ.

ವೈರಸ್ಸಿನ ಮೇಲ್ಮೈಯಲ್ಲಿರುವ ಹೀಮಗ್ಲುಟಿನಿನ್ ಎಂಬ ಪ್ರೋಟೀನಿನ ಜೀನ್ ಓದಿಸಿದಾಗ ಕಾರಣ ತಿಳಿಯಿತು. ಬದಲಾವಣೆಗಳು ಆ ಪ್ರೋಟೀನಿನಲ್ಲಿ ಪ್ರತಿಕಾಯ ಬಂದು ಕೂರುವ ತಲೆಯ ಭಾಗದಲ್ಲೇ ಗುಂಪುಗೂಡಿದ್ದವು. ಇನ್ಫ್ಲುಯೆಂಜಾ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡುವಾಗ ತಪ್ಪು ತಿದ್ದಿಕೊಳ್ಳುವುದಿಲ್ಲ, ಹಾಗಾಗಿ ರೂಪಾಂತರ ಯಾವ ಹಿಂಡಿನಲ್ಲೂ ಆಗುತ್ತಲೇ ಇರುತ್ತದೆ. ಅರೆಬರೆ ರಕ್ಷಣೆಯಿರುವ ಹಿಂಡಿನಲ್ಲಿ ಮಾತ್ರ ಪ್ರತಿಕಾಯವನ್ನು ತಪ್ಪಿಸಿಕೊಂಡದ್ದು ಉಳಿದು ಹರಡುತ್ತದೆ. ಮೆಕ್ಸಿಕೊದಲ್ಲಿ 1995ರಿಂದ ಎಚ್5ಎನ್2 ಲಸಿಕೆ ಹಾಕಿದರು. ಮುಂದಿನ ವರ್ಷಗಳಲ್ಲಿ ಅಲ್ಲಿನ ವೈರಸ್ ಲಸಿಕೆಯ ತಳಿಯಿಂದ ದೂರ ಸರಿಯಿತು. ಈಜಿಪ್ಟಿನಲ್ಲಿ 2006ರಲ್ಲಿ ಎಚ್5ಎನ್1 ಬಂದ ಮೇಲೆ ಲಸಿಕೆ ಹಾಕಿದ ಕೋಳಿಗಳಲ್ಲೇ ಬೇರೆ ಕವಲು ಬೆಳೆಯಿತು.

ಇದನ್ನು ಹೇಳಿದಾಗ ಕೆಲವರು ಲಸಿಕೆಯೇ ಬೇಡ ಎನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಚೀನಾದಲ್ಲಿ 2016–17ರ ಅಲೆಯಲ್ಲಿ ಎಚ್7ಎನ್9 ಸೋಂಕು 700ಕ್ಕೂ ಹೆಚ್ಚು ಜನರಿಗೆ ತಗುಲಿತ್ತು. 2017ರಲ್ಲಿ ಕೋಳಿಗಳಿಗೆ ಲಸಿಕೆ ಹಾಕಿದ ಮೇಲೆ ಅದು ಬೆರಳೆಣಿಕೆಗೆ ಇಳಿಯಿತು. ತೊಂದರೆಯಿರುವುದು ತಳಿ ಹಳತಾದರೂ ಅದನ್ನೇ ಚುಚ್ಚುತ್ತಾ ಹೋಗುವುದರಲ್ಲಿ, ಅರ್ಧ ಹಿಂಡಿಗೆ ಹಾಕಿ ಕೈ ತೊಳೆದುಕೊಳ್ಳುವುದರಲ್ಲಿ.

ಈಗ ಪ್ರತಿ ಶೆಡ್ಡಿನಲ್ಲೂ ಲಸಿಕೆ ಹಾಕದ, ಕಾಲಿಗೆ ಪಟ್ಟಿ ಕಟ್ಟಿದ ಕೆಲವು ಕಾವಲು ಕೋಳಿಗಳನ್ನು ಬಿಡಿಸುತ್ತೇನೆ. ವೈರಸ್ ಒಳಗೆ ಬಂದರೆ ಮೊದಲು ಅವುಗಳ ರಕ್ತದಲ್ಲೇ ಗೊತ್ತಾಗುತ್ತದೆ. ಪ್ರತಿ ಹಿಂಡಿನ ಲಸಿಕೋತ್ತರ ಸೀರಂ ಫ್ರೀಜರಿನಲ್ಲಿರುತ್ತದೆ, ಸಿಕ್ಕ ಪ್ರತಿ ವೈರಸ್ಸನ್ನೂ ಅದರ ಎದುರು ಇಟ್ಟು ನೋಡುತ್ತೇನೆ. ಸಹಜವಾಗಿ ಸತ್ತ ಕೋಳಿಯ ಸ್ವಾಬೂ ಬೇಕೆಂದು ಕೇಳಿದ್ದೆ. ಅದೇ ಫಾರಮ್ಮಿನವರು ಈಗ ಇಳುವರಿ ಸ್ವಲ್ಪ ಬಾಗಿದರೂ ಸ್ವಾಬುಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ನನಗೆ ಫೋನ್ ಮಾಡುತ್ತಾರೆ.