ಎಳೆಯದೆ ಬಿಡಿಸಿದ್ದು: ಟೇಪ್ ಎಕ್ಸ್‌ಟೆನ್ಶನ್ ತೆಗೆದ ನನ್ನ ಅನುಭವ

ಮೊದಲ ಸಲ ಟೇಪ್ ಎಕ್ಸ್‌ಟೆನ್ಶನ್ (ಉದ್ದ ಕಾಣಲಿ ಅಂತ ನಮ್ಮ ಕೂದಲಿಗೆ ಅಂಟುಪಟ್ಟಿಯಿಂದ ಅಂಟಿಸುವ ಬೇರೆ ಕೂದಲು) ತೆಗೆಸಿದ್ದು ಒಂದು ಪಾರ್ಲರ್‌ನಲ್ಲಿ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಜೊತೆಗೆ ಎಡಗಿವಿಯ ಮೇಲೆ ಎರಡು ಬೆರಳಗಲ ಜಾಗದಲ್ಲಿ ನನ್ನ ಕೂದಲೂ ಮುಗಿಯಿತು. ತೆಗೆಯುತ್ತಿದ್ದವಳಿಗೆ ಅವಸರ, ಹೊರಗೆ ಇನ್ಯಾರೋ ಕಾಯುತ್ತಿದ್ದರು. ಅಂಟು ಕರಗಿಸುವ ರಿಮೂವರ್ ಹಚ್ಚಿದ ಕೂಡಲೇ ಎಳೆದಳು. ಚರ್ ಅಂತ ಸದ್ದು ಬಂತು. "ಸ್ವಲ್ಪ ಹೋಗೇ ಹೋಗುತ್ತೆ ಮೇಡಂ" ಅಂದಳು. ನಾನೂ ಸುಮ್ಮನೆ ಕೂತಿದ್ದೆ.

ಮತ್ತೆ ಹಾಕಿಸಿಕೊಂಡೆ. ಬುದ್ಧಿ ಬರಲಿಲ್ವಾ ಅಂತ ಕೇಳಬೇಡಿ, ಉದ್ದ ಕೂದಲಿನ ಆಸೆಯೇ ಹಾಗೆ. ಆದರೆ ಈ ಸಲ ಬಿಚ್ಚೋದು ಮಾತ್ರ ನಾನೇ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಟೇಪ್ ಸಾಮಾನ್ಯವಾಗಿ 6ರಿಂದ 8 ವಾರ ಇರುತ್ತೆ. ನಾನು ಆಲಸ್ಯ ಮಾಡಿ 9 ವಾರ ಬಿಟ್ಟೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಹಾಗಾಗಿ ಟೇಪ್‌ಗಳು ಬುಡದಿಂದ ಎರಡು ಸೆಂಟಿಮೀಟರ್‌ಗಿಂತ ಕೆಳಗೆ ಜಾರಿದ್ದವು. ಬೆರಳಾಡಿಸಿದರೆ ಸಣ್ಣ ಸಣ್ಣ ಹಲಗೆ ಮುಟ್ಟಿದ ಹಾಗೆ. ಎರಡೆರಡು ಟೇಪ್ ಪಟ್ಟಿ ಸೇರಿದ ಒಂದೊಂದು ಜೋಡಿಯ ನಡುವೆ ನನ್ನ ಕೂದಲಿನ ತೆಳು ಪದರ ಸಿಕ್ಕಿಕೊಂಡಿತ್ತು. ಅಂಥವು ಒಟ್ಟು 20 ಜೋಡಿ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಟೇಪ್ ತೆಗೆಯೋಕೆಂದೇ ಸಿಗುವ ರಿಮೂವರ್, ಚೂಪಾದ ಬಾಲ ಇರುವ ಬಾಚಣಿಗೆ, ಹಲ್ಲು ಅಗಲ ಇರುವ ಇನ್ನೊಂದು ಬಾಚಣಿಗೆ, ನಾಲ್ಕು ಕ್ಲಿಪ್, ಎರಡು ಕನ್ನಡಿ, ಹಳೇ ಟವೆಲ್. ರಿಮೂವರ್‌ನಲ್ಲಿ ಎರಡು ಬಗೆ ಇದೆ. ಆಲ್ಕೋಹಾಲ್ ಇರುವುದು ಬೇಗ ಕೆಲಸ ಮಾಡುತ್ತೆ, ಬೇಗ ಆರಿಯೂ ಹೋಗುತ್ತೆ, ಕೂದಲನ್ನು ಒಣಗಿಸುತ್ತೆ. ಎಣ್ಣೆಯಂಥದ್ದು ನಿಧಾನ, ಆದರೆ ಮೆದು. ಆತುರ ಬೇಡ ಅಂತ ಎಣ್ಣೆಯಂಥದ್ದನ್ನೇ ತಗೊಂಡೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಬಳಸಬಹುದು ಅಂತ ಯಾರೋ ಹೇಳಿದ್ದರು. ಅದು ಕೂದಲನ್ನು ಒರಟು ಮಾಡುತ್ತೆ, ನೆತ್ತಿ ಉರಿಸುತ್ತೆ, ಬೆಂಕಿಯೂ ಬೇಗ ಹೊತ್ತಿಕೊಳ್ಳುತ್ತೆ. ಅದರ ಹತ್ತಿರ ಹೋಗಲಿಲ್ಲ.

ತಲೆ ಒಣಗಿರುವಾಗಲೇ ಶುರು ಮಾಡಿದೆ. ಒದ್ದೆ ಕೂದಲು ರಬ್ಬರ್ ಥರ ಹಿಗ್ಗುತ್ತೆ, ಎಳೆದರೆ ಬೇಗ ತುಂಡಾಗುತ್ತೆ. ಮೊದಲು ತುದಿಯಿಂದ ಮೇಲಕ್ಕೆ ಬರುತ್ತಾ ಸಿಕ್ಕು ಬಿಡಿಸಿದೆ. ಆಮೇಲೆ ಮೇಲಿನ ಕೂದಲನ್ನೆಲ್ಲ ಎತ್ತಿ ಕ್ಲಿಪ್ ಹಾಕಿ, ಕತ್ತಿನ ಹತ್ತಿರದ ಕೊನೇ ಸಾಲನ್ನು ಮಾತ್ರ ಹೊರಗೆ ಬಿಟ್ಟೆ. ತಲೆಯ ಹಿಂದಿನ ಭಾಗ ಕನ್ನಡಿಯಲ್ಲಿ ನೋಡಿಕೊಂಡು ಮಾಡೋದು ಸರ್ಕಸ್ಸೇ ಸರಿ. ಎಡಕ್ಕೆ ಅಂದರೆ ಕೈ ಬಲಕ್ಕೆ ಹೋಗುತ್ತೆ. ಎರಡು ಜೋಡಿ ಆಗುವಷ್ಟರಲ್ಲಿ ಸಾಕಾಗಿ ತಂಗಿಯನ್ನು ಕರೆದೆ.

ಮುಖ್ಯವಾದ ಕೆಲಸ ಇಲ್ಲಿದೆ. ಟೇಪ್‌ನ ಮೇಲ್ಭಾಗಕ್ಕೆ ಸುರಿದರೆ ಏನೂ ಆಗಲ್ಲ, ಅಂಟು ಇರೋದು ಎರಡು ಪಟ್ಟಿಗಳ ಒಳಗೆ. ಹಾಗಾಗಿ ಎಕ್ಸ್‌ಟೆನ್ಶನ್ ಅನ್ನು ಸ್ವಲ್ಪ ಮೇಲಕ್ಕೆ ಮಡಚಿ ಹಿಡಿದು, ಎರಡು ಪಟ್ಟಿ ಸೇರುವ ಅಂಚಿಗೆ ಹನಿ ಬಿಡಬೇಕು. ಎರಡೂ ಬದಿಗೆ. ಆಮೇಲೆ ಬೆರಳಲ್ಲಿ ಮೆಲ್ಲಗೆ ಒತ್ತಿ ತಿಕ್ಕಬೇಕು, ಒಳಗೆ ಇಳಿಯಲಿ ಅಂತ. ಆಮೇಲೆ ಕೈ ಕಟ್ಟಿ ಕೂರಬೇಕು. ಐದು ನಿಮಿಷ. ಪಾರ್ಲರ್‌ನಲ್ಲಿ ಸಿಗದೇ ಹೋಗಿದ್ದು ಈ ಐದು ನಿಮಿಷವೇ. ಒಂದು ಸಾಲಿಗೆ ಪೂರ್ತಿ ಹಚ್ಚಿಬಿಟ್ಟರೆ, ಕೊನೆಯದಕ್ಕೆ ಹಚ್ಚುವಷ್ಟರಲ್ಲಿ ಮೊದಲನೆಯದು ತಯಾರಾಗಿರುತ್ತೆ.

ತಂಗಿ ಮೊದಲನೇದಕ್ಕೆ ಕೈ ಹಾಕಿದಳು. ಪಟ್ಟಿಯ ಮೂಲೆಗೆ ಬಾಚಣಿಗೆಯ ಬಾಲ ತೂರಿಸಿದಳು.

"ಅಕ್ಕಾ, ಬರ್ತಾ ಇಲ್ಲ."

"ಎಳೀಬೇಡ ಮತ್ತೆ. ಇನ್ನೆರಡು ಹನಿ ಹಾಕು."

ಹಾಕಿದಳು, ಕಾದಳು. ಈ ಸಲ ಮೂಲೆ ತಾನಾಗೇ ಬಿಟ್ಟಿತು. ಒಂದು ಕೈಯಲ್ಲಿ ಟೇಪ್‌ನ ಮೇಲೆ, ಬುಡದ ಕಡೆಯ ನನ್ನ ಕೂದಲನ್ನು ಬಿಗಿಯಾಗಿ ಹಿಡಿಯೋಕೆ ಹೇಳಿದೆ. ಹಾಗೆ ಹಿಡಿದರೆ ಏನೇ ಎಳೆತ ಬಿದ್ದರೂ ಅದು ಬೆರಳಿಗೆ ಬೀಳುತ್ತೆ, ಬುಡಕ್ಕಲ್ಲ. ಇನ್ನೊಂದು ಕೈಯಲ್ಲಿ ಪಟ್ಟಿಯನ್ನು ಸ್ಟಿಕ್ಕರ್ ಬಿಡಿಸಿದ ಹಾಗೆ ಪಕ್ಕಕ್ಕೆ ಸುಲಿದಳು. ಸದ್ದೇ ಇಲ್ಲ. ಚರ್ ಅನ್ನೋ ಸದ್ದು ಬಂದರೆ ಅಂಟು ಇನ್ನೂ ಕರಗಿಲ್ಲ ಅಂತ ಲೆಕ್ಕ. ನಾಲ್ಕನೇ ಜೋಡಿಯ ಹೊತ್ತಿಗೆ ನಮಗಿಬ್ಬರಿಗೂ ಕಿವಿಯಲ್ಲೇ ಗೊತ್ತಾಗುತ್ತಿತ್ತು.

ಆರನೇದೋ ಏಳನೇದೋ ತೆಗೆದಾಗ ತಂಗಿ ಗಾಬರಿಯಾದಳು. "ಅಯ್ಯೋ, ಎಷ್ಟೊಂದು ಕೂದಲು ಬಂತು ನೋಡು!" ಅವಳ ಬೆರಳ ನಡುವೆ ಕಪ್ಪು ನಾರಿನ ಉಂಡೆ. ನನಗೂ ಎದೆ ಧಸಕ್ ಅಂತು. ಕಿಟಕಿ ಹತ್ತಿರ ಹೋಗಿ ಒಂದೊಂದೇ ಎಳೆ ಬಿಡಿಸಿ ನೋಡಿದೆ. ಹೆಚ್ಚಿನವುಗಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇತ್ತು. ಅಂದರೆ ಅವು ತುಂಡಾದ ಕೂದಲಲ್ಲ, ಬುಡದಿಂದ ತಾವಾಗೇ ಉದುರಿದ್ದು. ನಮ್ಮೆಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತೆ. ಬೇರೆ ದಿನಗಳಲ್ಲಿ ಅದು ಬಾಚಣಿಗೆಗೋ ದಿಂಬಿಗೋ ಹೋಗುತ್ತೆ, ನಾವು ಗಮನಿಸೋದೂ ಇಲ್ಲ. ಟೇಪ್ ಒಳಗೆ ಸಿಕ್ಕಿದ್ದಕ್ಕೆ ಬೀಳೋಕೆ ದಾರಿ ಇಲ್ಲ. 63 ದಿನ, ದಿನಕ್ಕೆ 50 ಅಂದರೂ 3,000 ದಾಟುತ್ತೆ. ಅದರಲ್ಲಿ ಒಂದು ಪಾಲು ಹೀಗೆ ಒಟ್ಟಿಗೆ ಕೈಗೆ ಬಂತು, ಅಷ್ಟೇ. ಬಿಳಿ ಚುಕ್ಕೆ ಇಲ್ಲದ ಮೋಟು ಎಳೆಗಳು ಜಾಸ್ತಿ ಇದ್ದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಕಿವಿಯ ಮೇಲಿನ ಭಾಗಕ್ಕೆ ಜಾಸ್ತಿ ಹೊತ್ತು ಕೊಟ್ಟೆವು. ಅಲ್ಲಿ ಕೂದಲು ನವಿರು, ಮೊದಲ ಸಲ ಹೋಗಿದ್ದೂ ಅಲ್ಲೇ. ಒಂದು ಜೋಡಿಗೆ ಮೂರು ಸಲ ರಿಮೂವರ್ ಹಾಕಬೇಕಾಯಿತು. ಒಟ್ಟು ಎರಡೂವರೆ ಗಂಟೆ ಹಿಡಿಯಿತು.

ತೆಗೆದ ಮೇಲೆ ಕೂದಲಿನಲ್ಲಿ ಅಂಟಿನ ಸಣ್ಣ ಹರಳು ಉಳಿಯುತ್ತೆ. ಉಗುರಲ್ಲಿ ಕೆರೆಯೋಕೆ ಕೈ ತುರಿಸುತ್ತೆ, ಬೇಡ. ಅಲ್ಲಿಗೆ ರಿಮೂವರ್ ಹಚ್ಚಿ, ಎರಡು ಬೆರಳ ಮಧ್ಯೆ ಹೊಸಕಿ, ಬಾಚಿದರೆ ಬರುತ್ತೆ. ಇನ್ನು ಬಹಳ ಜನ ತಪ್ಪು ಮಾಡೋದು ಇದಾದ ಮೇಲೆ. ಜಿಡ್ಡು ಅಂತ ನೇರ ಬಚ್ಚಲಿಗೆ ಓಡ್ತಾರೆ. ಉದುರಿದ ಕೂದಲು ಇನ್ನೂ ತಲೆಯಲ್ಲೇ ಇರುತ್ತಲ್ವಾ, ನೀರು ಬಿದ್ದರೆ ಅದೆಲ್ಲ ಬದುಕಿರುವ ಕೂದಲಿಗೆ ಸುತ್ತಿಕೊಂಡು ಗಂಟಾಗುತ್ತೆ. ಆಮೇಲೆ ಕತ್ತರಿಯೇ ಗತಿ. ಹಾಗಾಗಿ ಬುಡದಿಂದ ತುದಿವರೆಗೆ ಬಾಚಣಿಗೆ ಎಲ್ಲೂ ತಡೆಯದೆ ಓಡುವವರೆಗೂ ಬಾಚಿದೆ. ಆಮೇಲೆಯೇ ಶಾಂಪೂ, ಎರಡು ಸಲ. ತುದಿಗಳಿಗೆ ಮಾತ್ರ ಕಂಡೀಷನರ್.

ಕನ್ನಡಿ ನೋಡಿದರೆ ಇಲಿಬಾಲ! ಎರಡು ತಿಂಗಳು ದಪ್ಪ ಕೂದಲು ನೋಡಿದ ಕಣ್ಣಿಗೆ ನಮ್ಮದು ತೆಳ್ಳಗೆ ಕಾಣೋದು ಸಹಜ. ಹಾಕಿಸಿಕೊಳ್ಳುವ ಮುಂಚಿನ ಫೋಟೊ ತೆಗೆದಿಟ್ಟಿದ್ದೆ, ಪಕ್ಕದಲ್ಲಿಟ್ಟು ನೋಡಿದೆ. ಜಡೆ ಅಷ್ಟೇ ದಪ್ಪ ಇತ್ತು. ಎರಡು ದಿನ ನೆತ್ತಿ ಮುಟ್ಟಿದರೆ ನೋವಿತ್ತು, ಕೂದಲನ್ನು ಬಿಗಿಯಾಗಿ ಕಟ್ಟಲಿಲ್ಲ.

ತಂಗಿಗೆ ಆಮೇಲೆ ಆಸೆ ಹುಟ್ಟಿ ಕೆರಾಟಿನ್ ಬಾಂಡ್ (ಟೇಪ್ ಬದಲು ಕೆರಾಟಿನ್ ಅಂಟಿನ ಸಣ್ಣ ಗಂಟಿನಿಂದ ಕೂದಲು ಕೂರಿಸುವ ಬಗೆ) ಹಾಕಿಸಿಕೊಂಡಳು. ಅದರ ಕಥೆ ಬೇರೆ. ರಿಮೂವರ್ ಹಾಕಿ ಇಕ್ಕಳದಲ್ಲಿ ಬಾಂಡ್ ಅನ್ನು ಮೆಲ್ಲಗೆ ಅಮುಕಬೇಕು. ಅದು ಪುಡಿಯಾಗಿ ಬಿರುಕು ಬಿಟ್ಟ ಮೇಲೆ ಎಕ್ಸ್‌ಟೆನ್ಶನ್ ಜಾರಿ ಬರುತ್ತೆ. ಲೋಹದ ಸಣ್ಣ ಉಂಗುರ ಹಾಕಿದ್ದರೆ ದ್ರವವೇ ಬೇಡ. ಚಪ್ಪಟೆಯಾದ ಉಂಗುರವನ್ನು ಅಡ್ಡ ದಿಕ್ಕಿಗೆ ಅಮುಕಿದರೆ ಮತ್ತೆ ದುಂಡಾಗಿ ಸಡಿಲವಾಗುತ್ತೆ. ನಮ್ಮ ಕೂದಲನ್ನು ಜಡೆ ಹೆಣೆದು ಅದಕ್ಕೆ ದಾರದಿಂದ ಹೊಲಿದು ಕೂರಿಸಿದ್ದನ್ನು ಮಾತ್ರ ನಾನು ಮುಟ್ಟಲ್ಲ. ತಲೆಯ ಹಿಂದೆ ದಾರ ಯಾವುದು, ಜಡೆ ಯಾವುದು ಅಂತ ಕೈಗೆ ಗೊತ್ತಾಗಲ್ಲ, ಕತ್ತರಿ ತಪ್ಪಿದರೆ ಹೋದದ್ದು ಜಡೆಯೇ. ನೆತ್ತಿ ಕೆಂಪಾಗಿ ಕೀವು ಕಂಡರೆ ಯಾವ ಬಗೆಯೇ ಆಗಲಿ, ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಬೇಕು.

ಎಡಗಿವಿಯ ಮೇಲಿನ ಮೋಟು ಕೂದಲು ಈಗ ನಾಲ್ಕು ಬೆರಳುದ್ದ ಬಂದಿದೆ. ಜಡೆಗೆ ಇನ್ನೂ ಸೇರಲ್ಲ, ಗಾಳಿಗೆ ಎದ್ದು ನಿಲ್ಲುತ್ತೆ. ಸದ್ಯಕ್ಕೆ ಅದಕ್ಕೊಂದು ಪಿನ್ನು.