ಬೇರೆಯವರ ಸೈಟು ಬಿಚ್ಚಿ ನೋಡಿ ಡಿಸೈನ್ ಕಲಿಯುವುದು

ಚಂದ ಕಂಡ ಸೈಟುಗಳ ಸ್ಕ್ರೀನ್‌ಶಾಟ್ ಕೂಡಿಟ್ಟರೆ ಡಿಸೈನ್ ಕೈಗೆ ಹತ್ತುವುದಿಲ್ಲ. ಚಿತ್ರ ನೋಡಿದರೆ ಫಲಿತಾಂಶ ಕಾಣುತ್ತದೆ, ಅಳತೆ ಕಾಣುವುದಿಲ್ಲ. ನಾನು ಮಾಡುವುದು ಎರಡೇ ಕೆಲಸ: ಅಳೆಯುವುದು, ಆಮೇಲೆ ಬೇಕೆಂದೇ ಕೆಡಿಸಿ ನೋಡುವುದು. ಬ್ರೌಸರಿನ ಡೆವಲಪರ್ ಟೂಲ್ಸ್ (ಪುಟದ ಒಳಗಿನ ಕೋಡ್ ತೋರಿಸುವ, ಬದಲಿಸಿ ನೋಡಲು ಬಿಡುವ ಫಲಕ) ಮತ್ತು ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು.

ಆರಿಸುವಾಗ ಪ್ರಶಸ್ತಿ ಗೆದ್ದ ಸೈಟುಗಳನ್ನು ಬಿಟ್ಟುಬಿಡುತ್ತೇನೆ. ಅವು ಬಹುಮಟ್ಟಿಗೆ ಪ್ರದರ್ಶನಕ್ಕೆ ಮಾಡಿದವು. ಓದಲು ಬಹಳ ಇರುವ ಅಥವಾ ಫಾರ್ಮ್ ತುಂಬಿಸುವ ಸೈಟುಗಳೇ ಒಳ್ಳೆಯ ಗುರುಗಳು. ಒಂದೇ ಬಗೆಯ ಕೆಲಸದ ಮೂರು ಸೈಟು ಒಟ್ಟಿಗೆ ತೆಗೆದುಕೊಳ್ಳಿ. ಮೂರರಲ್ಲೂ ಒಂದೇ ರೀತಿ ಇರುವುದಕ್ಕೆ ಸಾಮಾನ್ಯವಾಗಿ ಬಳಕೆಯ ಕಾರಣ ಇರುತ್ತದೆ, ಬೇರೆಬೇರೆ ಇರುವುದು ಡಿಸೈನರನ ಆಯ್ಕೆ. ಒಂದನ್ನೇ ನೋಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಮೊದಲು ಎಫ್12 ಒತ್ತಿ ಟೂಲ್ಸ್ ತೆರೆಯಿರಿ. ಪುಟದಲ್ಲಿ ಕಾಣುವುದನ್ನೆಲ್ಲ ಒಳಗೊಂಡ ಬಾಡಿ ಭಾಗಕ್ಕೆ ಸ್ಟೈಲ್ಸ್ ಟ್ಯಾಬಿನಲ್ಲಿ ಫಿಲ್ಟರ್ ಗುಣ ಸೇರಿಸಿ 8 ಪಿಕ್ಸೆಲ್ ಬ್ಲರ್ ಕೊಡಿ, ಎಲ್ಲ ಮಸುಕಾಗುತ್ತದೆ. ಅಕ್ಷರ ಓದಲಾಗದಿದ್ದರೂ ಮುಖ್ಯ ತಲೆಬರಹ ಯಾವುದು, ಒತ್ತಬೇಕಾದ ಬಟನ್ ಯಾವುದು ಎಂದು ಗೊತ್ತಾಗಬೇಕು. ಆಮೇಲೆ ಬ್ಲರ್ ತೆಗೆದು ಗ್ರೇಸ್ಕೇಲ್ ಹಾಕಿ. ಬಣ್ಣ ಹೋದ ಮೇಲೂ ಯಾವುದು ಮುಖ್ಯ ಎಂದು ಕಾಣುತ್ತಿದ್ದರೆ ಗಾತ್ರ, ದಪ್ಪ, ಖಾಲಿ ಜಾಗಗಳೇ ಆ ಕೆಲಸ ಮಾಡುತ್ತಿವೆ.

ಈಗ ಅಳತೆ. ಟೂಲ್ಸ್‌ನಲ್ಲಿ ಒಂದು ಪ್ಯಾರಾ ಆರಿಸಿ, ಕಂಪ್ಯೂಟೆಡ್ ಟ್ಯಾಬಿನಿಂದ ಅಕ್ಷರದ ಗಾತ್ರ, ಸಾಲಿನ ಎತ್ತರ, ಅಗಲ, ಮಾರ್ಜಿನ್ (ಸುತ್ತಲಿನ ಖಾಲಿ ಜಾಗ) ಬರೆದುಕೊಳ್ಳಿ. ಸಾಲಿನ ಎತ್ತರ ಅಲ್ಲಿ ಸಾಮಾನ್ಯವಾಗಿ ಪಿಕ್ಸೆಲ್‌ನಲ್ಲಿರುತ್ತದೆ. ಅದನ್ನು ಅಕ್ಷರದ ಗಾತ್ರದಿಂದ ಭಾಗಿಸಿದರೆ ಬರುವ ಅನುಪಾತವೇ ನಮಗೆ ಬೇಕಾದದ್ದು. ಇಂಗ್ಲಿಷ್ ಬರಹಕ್ಕೆ 16ರಿಂದ 20 ಪಿಕ್ಸೆಲ್ ಗಾತ್ರ, ಸುಮಾರು 1.5 ಅನುಪಾತ, ಸಾಲಿಗೆ 45ರಿಂದ 75 ಅಕ್ಷರ ಮತ್ತೆ ಮತ್ತೆ ಸಿಗುತ್ತದೆ. ನಡುವಿನ ಜಾಗಗಳು 8, 16, 24, 32, 48 ಹೀಗೆ ಒಂದು ಲೆಕ್ಕದಲ್ಲಿ ಬರುತ್ತವೆ. ಕಂಪ್ಯೂಟೆಡ್ ತೋರಿಸುವುದು ಬ್ರೌಸರ್ ಲೆಕ್ಕ ಹಾಕಿದ ಕೊನೆಯ ಅಳತೆಯನ್ನು ಮಾತ್ರ. ಬರೆದವರು ನಿಜವಾಗಿ ಏನು ಕೊಟ್ಟಿದ್ದರು ಎಂಬುದಕ್ಕೆ ಸ್ಟೈಲ್ಸ್ ಟ್ಯಾಬ್ ನೋಡಬೇಕು. ಇಡೀ ಕೋಡ್ ಓದಲು ಹೋಗಬೇಡಿ. ಈಗಿನ ಅನೇಕ ಸೈಟುಗಳಲ್ಲಿ ಕ್ಲಾಸ್ ಹೆಸರುಗಳನ್ನು (ಕೋಡಿನಲ್ಲಿ ಪುಟದ ಭಾಗಗಳಿಗೆ ಕೊಡುವ ಹೆಸರು) ಯಂತ್ರವೇ ಹುಟ್ಟಿಸಿರುತ್ತದೆ, ಅವಕ್ಕೆ ಅರ್ಥವಿಲ್ಲ.

ನಿಜವಾದ ಪಾಠ ಇರುವುದು ಕೆಡಿಸುವುದರಲ್ಲಿ. ಒಮ್ಮೆಗೆ ಒಂದೇ ಅಳತೆ ಬದಲಿಸಿ. ಪ್ಯಾರಾದ ಗರಿಷ್ಠ ಅಗಲ ತೆಗೆದರೆ ಸಾಲು ಪರದೆಯ ಆಚೆ ತುದಿಗೆ ಓಡುತ್ತದೆ, ಕಣ್ಣು ಮುಂದಿನ ಸಾಲಿನ ಆರಂಭ ಹುಡುಕಿ ಸೋಲುತ್ತದೆ. ತಲೆಬರಹದ ಮೇಲಿನ ಜಾಗವನ್ನೂ ಕೆಳಗಿನದನ್ನೂ ಸಮ ಮಾಡಿ ನೋಡಿ: ಅದು ಯಾವ ಪ್ಯಾರಾಕ್ಕೆ ಸೇರಿದ್ದೆಂದೇ ತಿಳಿಯದೆ ನಡುವೆ ತೇಲುತ್ತದೆ. ಒಳ್ಳೆಯ ಸೈಟಿನಲ್ಲಿ ಮೇಲಿನ ಜಾಗ ಯಾಕೆ ಹೆಚ್ಚಿತ್ತೆಂದು ಆಗ ಗೊತ್ತಾಗುತ್ತದೆ. ಎಲಿಮೆಂಟ್ಸ್ ಫಲಕದಲ್ಲಿ ಬರಹದ ಮೇಲೆ ಡಬಲ್ ಕ್ಲಿಕ್ ಮಾಡಿ ಮೂರು ಪದದ ಶೀರ್ಷಿಕೆಯ ಬದಲು ಹದಿನೈದು ಪದದ್ದು ಹಾಕಿ, ಅದಿರುವ ಕಾರ್ಡು (ಪುಟದಲ್ಲಿನ ಚೌಕಟ್ಟು) ತಡೆಯುತ್ತದೆಯೇ ನೋಡಿ. ಪುಟ ರಿಫ್ರೆಶ್ ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ, ಹೆದರಬೇಕಿಲ್ಲ.

ಟೂಲ್ಸ್ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಂ ಒಟ್ಟಿಗೆ ಒತ್ತಿದರೆ ಮೊಬೈಲ್ ನೋಟ ಬರುತ್ತದೆ. ಅಗಲವನ್ನು 1400ರಿಂದ 320 ಪಿಕ್ಸೆಲ್‌ವರೆಗೆ ನಿಧಾನವಾಗಿ ಎಳೆಯುತ್ತ, ರಚನೆ ಎಲ್ಲೆಲ್ಲಿ ಬದಲಾಯಿತೆಂದು ಗುರುತಿಸಿ. ಜಾಣರ ಸೈಟಿನಲ್ಲಿ ಅದು ಫೋನಿನ ಮಾದರಿಗೆ ಅಂಟಿರುವುದಿಲ್ಲ. ಒಳಗಿನ ಬರಹ ಇಕ್ಕಟ್ಟಾದಲ್ಲಿ ಬದಲಾಗುತ್ತದೆ.

ಮುಖಪುಟಕ್ಕಿಂತ ಹೆಚ್ಚು ಹೊತ್ತು ನಾನು ಕಳೆಯುವುದು ತಪ್ಪಾದಾಗ ಕಾಣುವ ಪುಟಗಳಲ್ಲಿ. ಫಾರ್ಮನ್ನು ಖಾಲಿಯಾಗಿ ಸಲ್ಲಿಸಿ. ಹುಡುಕಾಟದಲ್ಲಿ ಏನೇನೋ ಒತ್ತಿ. ಇಲ್ಲದ ವಿಳಾಸ ಕೊಡಿ. ಪುಟವನ್ನು 200 ಶೇಕಡಾಕ್ಕೆ ಹಿಗ್ಗಿಸಿ. ಮೌಸ್ ಬಿಟ್ಟು ಟ್ಯಾಬ್ ಕೀಲಿಯಲ್ಲೇ ಓಡಾಡಿ. ದೋಷದ ಸಂದೇಶ ಆಯಾ ಖಾನೆಯ ಪಕ್ಕದಲ್ಲೇ ಬರುತ್ತದೆಯೇ, ತುಂಬಿದ್ದೆಲ್ಲ ಅಳಿಸಿಹೋಗುತ್ತದೆಯೇ ಎಂಬುದು ಡಿಸೈನರನ ಯೋಗ್ಯತೆಯನ್ನು ಹೇಳುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ಅಂತರವನ್ನೂ ಪರೀಕ್ಷಿಸಿ. ಅಂತಾರಾಷ್ಟ್ರೀಯ ಸುಲಭಬಳಕೆ ಮಾನದಂಡದ (ಡಬ್ಲ್ಯುಸಿಎಜಿ) ಎಎ ಮಟ್ಟದಲ್ಲಿ ಸಣ್ಣ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡದಕ್ಕೆ 3ಕ್ಕೆ 1 ಬೇಕು. ಕ್ರೋಮ್‌ನ ಬಣ್ಣದ ಪೆಟ್ಟಿಗೆಯಲ್ಲೇ ಇದು ಸಿಗುತ್ತದೆ. ತಿಳಿ ಬೂದು ಅಕ್ಷರದ ಮೋಹ ಎಷ್ಟೋ ಹೆಸರುವಾಸಿ ಸೈಟುಗಳನ್ನೂ ಇಲ್ಲಿ ಕೆಡವುತ್ತದೆ.

ಇಂಗ್ಲಿಷ್ ಸೈಟಿನ ಅಂಕಿಗಳನ್ನು ಕನ್ನಡಕ್ಕೆ ಹಾಗೇ ತರಬೇಡಿ. ಒತ್ತಕ್ಷರ ಕೆಳಗಿಳಿಯುವುದರಿಂದ 1.5 ಅನುಪಾತ ಇಕ್ಕಟ್ಟೆನಿಸುತ್ತದೆ, ನಾನು 1.7ರಿಂದ ಶುರು ಮಾಡುತ್ತೇನೆ. ತಲೆಬರಹಕ್ಕೆ ಅಕ್ಷರಗಳ ನಡುವಿನ ಜಾಗ ಕಡಿಮೆ ಮಾಡುವ ರೂಢಿ ಇಂಗ್ಲಿಷ್ ಸೈಟುಗಳಲ್ಲಿದೆ, ಕನ್ನಡದಲ್ಲಿ ಹಾಗೆ ಮಾಡಿದರೆ ಪಕ್ಕಪಕ್ಕದ ಒತ್ತುಗಳು ಡಿಕ್ಕಿ ಹೊಡೆಯುತ್ತವೆ. ದೊಡ್ಡಕ್ಷರ (ಕ್ಯಾಪಿಟಲ್) ಎಂಬುದು ನಮ್ಮ ಲಿಪಿಯಲ್ಲಿಲ್ಲವಾದ್ದರಿಂದ ಅದರಿಂದ ಸಿಗುವ ಪ್ರಾಮುಖ್ಯವನ್ನು ದಪ್ಪದಿಂದಲೋ ಬಣ್ಣದಿಂದಲೋ ತರಬೇಕು. ಸಾಲಿನ ಅಗಲ ಹೇಳಲು ಕೋಡಿನಲ್ಲಿ ಬಳಸುವ ಸಿಎಚ್ ಎಂಬ ಅಳತೆಮಾನ ಸೊನ್ನೆ ಅಂಕಿಯ ಅಗಲ. 65 ಸಿಎಚ್ ಎಂದರೆ 65 ಕನ್ನಡ ಅಕ್ಷರ ಹಿಡಿಯುತ್ತದೆ ಎಂದು ನಂಬಬೇಡಿ.

ಕೊನೆಗೆ ಮೂಲ ಸೈಟು ಮುಚ್ಚಿ, ಬರೆದುಕೊಂಡ ಅಳತೆಗಳಿಂದ ನಿಮ್ಮದೇ ಬರಹದ ಪುಟ ಕಟ್ಟಿ. ಅಳತೆ ಎರವಲು ತರಬಹುದು. ಚಿತ್ರ, ಲೋಗೋ, ಹಣ ಕೊಟ್ಟು ಕೊಳ್ಳುವ ಫಾಂಟ್ ಕಡತ ಎತ್ತಿಕೊಳ್ಳುವಂತಿಲ್ಲ. ಮುಗಿದ ಮೇಲೆ ಸೈಟುಗಳ ಹಳೆಯ ಪ್ರತಿಗಳನ್ನು ಕೂಡಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಮೂಲ ಪುಟದ ಹಳೆಯ ಆವೃತ್ತಿಗಳನ್ನು ತೆರೆದು ನೋಡಿ, ಅವರು ಏನೇನು ಕಿತ್ತುಹಾಕಿದರೆಂದು ಪಟ್ಟಿ ಮಾಡಿ. ಕೆಲವು ಪ್ರತಿಗಳಲ್ಲಿ ಬಣ್ಣ, ಗಾತ್ರ, ಜಾಗ ಹೇಳುವ ಸ್ಟೈಲ್ ಕಡತವೇ ಉಳಿದಿರುವುದಿಲ್ಲ. ಪುಟ ಚೆಲ್ಲಾಪಿಲ್ಲಿಯಾಗಿ ಕಂಡರೆ ಅದನ್ನೇ ಹಳೆಯ ಡಿಸೈನ್ ಎಂದುಕೊಳ್ಳದೆ ಬೇರೆ ದಿನಾಂಕದ ಪ್ರತಿ ತೆರೆಯಿರಿ.