ಎಐ ಸಹಾಯಕ ಬೇರೆ ತಂಡದ ಡೀಲ್‌ಗಳನ್ನೂ ತೋರಿಸುತ್ತಿದ್ದರೆ

ಸಿಆರ್‌ಎಂನಲ್ಲಿ (ಗ್ರಾಹಕರ, ಮಾರಾಟದ ದಾಖಲೆ ಇಡುವ ತಂತ್ರಾಂಶ) ಮಾರಾಟ ಪ್ರತಿನಿಧಿಯ ಪ್ರಶ್ನೆಗೆ ಎಐ ಸಹಾಯಕ ಇನ್ನೊಂದು ತಂಡದ ಡೀಲ್ ಮೊತ್ತವನ್ನೂ ಹೇಳುತ್ತಿತ್ತು. ಪ್ರಾಂಪ್ಟ್‌ನಲ್ಲಿ, ಅಂದರೆ ಎಐಗೆ ಕೊಡುವ ಸೂಚನೆಯಲ್ಲಿ, 'ಹೇಳಬೇಡ' ಎಂದು ಬರೆಯುವುದು ಪರಿಹಾರವೇ ಅಲ್ಲ. ಮಾಡೆಲ್ ಕೈಗೆ ಸಿಕ್ಕ ಡೇಟಾ ಹೇಗಾದರೂ ಹೊರಬರಬಹುದು.

ಸಹಾಯಕ ಓಡುತ್ತಿದ್ದುದು ಎಲ್ಲ ದಾಖಲೆ ನೋಡಬಲ್ಲ ಇಂಟಿಗ್ರೇಶನ್ ಖಾತೆಯಲ್ಲಿ (ತಂತ್ರಾಂಶಗಳನ್ನು ಜೋಡಿಸಲು ಇರುವ ಖಾತೆ). ಅದನ್ನು ಲಾಗಿನ್ ಆದ ಬಳಕೆದಾರರ ಟೋಕನ್‌ಗೆ (ಅವರ ಅನುಮತಿಯಷ್ಟೇ ಇರುವ ಡಿಜಿಟಲ್ ಗುರುತು) ಬದಲಿಸಿದ ಮೇಲೆ ದಾಖಲೆ ಹಂಚಿಕೆ ನಿಯಮ, ಫೀಲ್ಡ್ ಮಟ್ಟದ ಅನುಮತಿ (ದಾಖಲೆಯ ಯಾವ ಅಂಕಣ ಯಾರಿಗೆ ಕಾಣಬೇಕು ಎಂಬುದು) ಎರಡೂ ಅನ್ವಯವಾದವು. ಹಳೆಯ ಕರೆ ಟಿಪ್ಪಣಿಗಳು ಮಾತ್ರ ಇನ್ನೂ ಬರುತ್ತಿದ್ದವು: ಸರ್ಚ್ ಇಂಡೆಕ್ಸ್‌ನಲ್ಲಿ (ಹುಡುಕಾಟಕ್ಕಾಗಿ ಮೊದಲೇ ಸಿದ್ಧಪಡಿಸಿದ ಸೂಚಿ) ಟಿಪ್ಪಣಿಯ ಮಾಲೀಕರ ಐಡಿಯೇ ಇರಲಿಲ್ಲ. ಅದನ್ನು ಸೇರಿಸಿ, ಮರು-ಇಂಡೆಕ್ಸ್ ಮಾಡಿ, ಹುಡುಕಾಟಕ್ಕೆ ಮೊದಲೇ ಫಿಲ್ಟರ್ ಹಾಕಿದೆ. ಹುಡುಕಿದ ನಂತರ ಸೋಸಿದರೆ ಮೇಲಿನ 10 ಫಲಿತಾಂಶಗಳಲ್ಲಿ ಕೆಲವೊಮ್ಮೆ ಒಂದೂ ಉಳಿಯದು.

ಸಹಾಯಕ ದಾಖಲೆಗಳಲ್ಲಿ ಬರೆಯುವ ಅನುಮತಿಗೆ ಬೇರೆ ರೋಲ್ (ಅನುಮತಿಗಳ ಗುಂಪು) ಇರಲಿ. ಅಳಿಸುವುದು, ಎಕ್ಸ್‌ಪೋರ್ಟ್ ಬೇಡವೇ ಬೇಡ. ಎಲ್ಲವನ್ನೂ ನೋಡಬಲ್ಲ ಅಡ್ಮಿನ್ ಖಾತೆಯಲ್ಲಿ ಪರೀಕ್ಷಿಸಿದರೆ ಸೋರಿಕೆ ಕಾಣುವುದೇ ಇಲ್ಲ. ಅತಿ ಕಡಿಮೆ ಅನುಮತಿಯ ಖಾತೆಯಲ್ಲೇ ಪರೀಕ್ಷಿಸಿ.